ವಾರ್ತಾವಾಚನದ ಹಿತಾಹಿತ: ಹದಿನೇಳನೆಯ ಶತಮಾನದ ಜರ್ಮನಿಯಲ್ಲಿ ನಡೆದ ಒಂದು ವಾದ

ವೃತ್ತಪತ್ರಿಕೆಗಳನ್ನು ತಪ್ಪದೆ ಓದುವುದರಿಂದ ಮನುಷ್ಯನಿಗೆ ಪ್ರಯೋಜನವುಂಟೋ ಹಾನಿಯುಂಟೋ ಎಂಬ ಪ್ರಶ್ನೆಯು ಹೆಚ್ಚುಕಡಮೆ ವೃತ್ತಪತ್ರಿಕೆಯಷ್ಟೇ ಹಳೆಯದು. ೧೬೭೬ನೆಯ ಇಸವಿಯಲ್ಲಿ ಜರ್ಮನ್ ಸಂಸ್ಥಾನಗಳಲ್ಲಿ ಈ ವಿಷಯವನ್ನೇ ಕುರಿತು ಲ್ಯಾಟಿನ್ ಭಾಷೆಯ ಎರಡು ಗ್ರಂಥಗಳು ಹೊರಬಿದ್ದುವು. ಒಂದರ ಕರ್ತೃ ಅಹಸ್ವೇರ್ ಫ್ರಿಚ್. ರುಡೋಲ್‌ಸ್ಟಾಟ್ ಎಂಬ ಸಣ್ಣ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ನ್ಯಾಯಶಾಸ್ತ್ರಜ್ಞ. ಇನ್ನೊಂದರ ಕರ್ತೃ ಕ್ರಿಸ್ಟಿಯಾನ್ ವೈಸೆ. ವೈಸೆನ್‌ಫೆಲ್ಸ್ ಎಂಬ ಊರಿನ ವಿದ್ಯಾಶಾಲೆಯಲ್ಲಿ ಉಪಾಧ್ಯಾಯ. ಒಬ್ಬನು ವಾರ್ತೆಯ ಗೀಳನ್ನು ಖಂಡಿಸಿದನು. ಇನ್ನೊಬ್ಬನು ಅದೇ ವಾರ್ತೆಯನ್ನು ಹೇಗೆ ಓದಿದರೆ ವಿದ್ಯೆಯಾಗುವುದೆಂದು ವಿವರಿಸಿದನು. ಇವರಿಬ್ಬರ ತರುವಾಯ ಸುಮಾರು ಇಪ್ಪತ್ತು ವರ್ಷಗಳ ಕಾಲ ಧರ್ಮೋಪದೇಶಕರೂ ವಿಶ್ವವಿದ್ಯಾನಿಲಯದ ಪಂಡಿತರೂ ಕೋಶಕಾರರೂ ಈ ವಾದದಲ್ಲಿ ಸೇರಿಕೊಂಡರು.

ಈ ವಿವಾದವನ್ನು ಹಳೆಯ ಕಾಲದ ಸಂಕುಚಿತ ಬುದ್ಧಿಗೂ ಹೊಸ ಕಾಲದ ಜ್ಞಾನೋದಯಕ್ಕೂ ನಡೆದ ಕದನವೆಂದು ವರ್ಣಿಸುವ ವಾಡಿಕೆಯುಂಟು. ವಾದಸರಣಿಯನ್ನು ಒಂದೊಂದಾಗಿ ಪರಿಶೀಲಿಸಿದರೆ ಈ ವರ್ಣನೆ ಸಾಲದೆಂದು ತೋರುತ್ತದೆ. ಪತ್ರಿಕೆಯ ಪಕ್ಷ ಹಿಡಿದವರು ಗೆದ್ದುದು ಅದರಿಂದ ಹಾನಿಯೇ ಇಲ್ಲವೆಂದು ಸಾಧಿಸಿ ಅಲ್ಲ. ಓದುವವನ ಮೇಲೆ ಒಂದು ಹೊಣೆಯನ್ನು ಹೊರಿಸಿ. ಆ ಹೊಣೆ ಯಾವುದು, ಅದು ಯಾವ ಬಗೆಯಲ್ಲಿ ಬೆಳೆಯಿತು ಎಂಬುದೇ ಇಲ್ಲಿ ವಿಚಾರಣೀಯವಾದ ಸಂಗತಿ.

ಮುದ್ರಿತ ಪತ್ರಿಕೆಗೆ ಮುಂಚೆ ಯೂರೋಪಿನಲ್ಲಿ ಕೈಬರಹದ ವಾರ್ತಾಪತ್ರಗಳಿದ್ದುವು. ವೆನಿಸ್, ರೋಮ್, ಆಂಟ್‌ವರ್ಪ್ ಮೊದಲಾದ ನಗರಗಳಲ್ಲಿ ಬಾತ್ಮೀದಾರರು ಸುದ್ದಿಗಳನ್ನು ಕೂಡಿಸಿ ಬರೆದು, ಹಣ ಕೊಟ್ಟವರಿಗೆ ಪ್ರತಿಗಳನ್ನು ಕಳುಹಿಸುತ್ತಿದ್ದರು. ಆಗ್ಸ್‌ಬುರ್ಗ್ ನಗರದ ಫುಗ್ಗರ್ ಮನೆತನದ ಸಾಹುಕಾರರು ೧೫೬೮ರಿಂದ ೧೬೦೫ರ ವರೆಗೆ ಹೀಗೆ ತರಿಸಿಕೊಂಡ ಸುಮಾರು ೧೬,೦೦೦ ಪತ್ರಗಳು ಇಂದಿಗೂ ವಿಯೆನ್ನಾದ ಗ್ರಂಥಭಂಡಾರದಲ್ಲಿ ೨೭ ಸಂಪುಟಗಳಾಗಿ ಉಳಿದಿವೆ. ಇವುಗಳನ್ನು ತರಿಸಿದವರಿಗೆ ಸುದ್ದಿಯು ವಿನೋದದ ಸಾಮಗ್ರಿಯಾಗಿರಲಿಲ್ಲ. ಸಾಲ ಕೊಟ್ಟ ರಾಜನು ಗೆದ್ದನೇ ಸೋತನೇ, ಸರಕು ತುಂಬಿದ ಹಡಗು ಬಂದರನ್ನು ಸೇರಿತೇ ಎಂಬುದನ್ನು ಅರಿಯದೆ ಅವರ ವ್ಯಾಪಾರ ನಡೆಯುವಂತಿರಲಿಲ್ಲ. ನಮ್ಮ ಅರ್ಥಶಾಸ್ತ್ರದಲ್ಲಿ ‘ವಾರ್ತಾ’ ಎಂಬ ವಿದ್ಯೆಗೆ ಬೇಸಾಯ, ಪಶುಪಾಲನೆ, ವಾಣಿಜ್ಯ ಎಂಬ ಅರ್ಥವಿರುವುದನ್ನು ಇಲ್ಲಿ ನೆನೆಯಬಹುದು. ಶಬ್ದದ ಇತಿಹಾಸ ಬೇರೆಯಾದರೂ, ವಾರ್ತೆಗೂ ಜೀವನೋಪಾಯಕ್ಕೂ ಇರುವ ಸಂಬಂಧವು ಎರಡು ಕಡೆಯೂ ಒಂದೇ.

೧೬೦೫ರಲ್ಲಿ ಸ್ಟ್ರಾಸ್‌ಬುರ್ಗ್ ನಗರದ ಯೋಹಾನ್ ಕರೋಲುಸ್ ಎಂಬವನು ಈ ಕೈಬರಹದ ಪತ್ರಗಳನ್ನು ಅಚ್ಚುಹಾಕಿ ವಾರಕ್ಕೊಮ್ಮೆ ಮಾರಲು ತೊಡಗಿದನು. ಅವನು ನಗರಸಭೆಗೆ ಸಲ್ಲಿಸಿದ ಅರ್ಜಿಯು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ವಿದ್ವಾಂಸರ ಗಮನಕ್ಕೆ ಬಂದ ಮೇಲೆ, ಮುದ್ರಿತ ವೃತ್ತಪತ್ರಿಕೆಯ ಹುಟ್ಟನ್ನು ೧೬೦೯ರಿಂದ ೧೬೦೫ಕ್ಕೆ ಹಿಂದೂಡಬೇಕಾಯಿತು. ಕೈಯಿಂದ ನಕಲು ಮಾಡುವುದು ನಿಧಾನವಾದ್ದರಿಂದ ಅಚ್ಚನ್ನು ಹಿಡಿದುದಾಗಿಯೂ, ಇತರರು ತನ್ನ ಪತ್ರಿಕೆಯನ್ನು ಮರುಮುದ್ರಿಸದಂತೆ ರಕ್ಷಣೆ ಬೇಕೆಂದೂ ಅದರಲ್ಲಿ ಬೇಡಿಕೊಂಡಿದ್ದಾನೆ. ಸಭೆಯು ಅರ್ಜಿಯನ್ನು ತಳ್ಳಿಹಾಕಿತು. ಪತ್ರಿಕೆ ಮಾತ್ರ ನಿಲ್ಲಲಿಲ್ಲ. ಈಗ ಉಳಿದಿರುವ ಅತ್ಯಂತ ಹಳೆಯ ಸಂಚಿಕೆಗಳು ೧೬೦೯ರವು. ವೆನಿಸ್ಸಿನ ಪ್ರಭುತ್ವವು ಗೆಲಿಲಿಯೋನ ದೂರದರ್ಶಕ ಯಂತ್ರಕ್ಕಾಗಿ ಅವನನ್ನು ಸನ್ಮಾನಿಸಿದ ಸುದ್ದಿಯು ಆ ವರ್ಷದ ಸಂಚಿಕೆಯೊಂದರಲ್ಲಿ, ಸೈನ್ಯಗಳ ಮತ್ತು ರಾಯಭಾರಿಗಳ ಸುದ್ದಿಗಳ ನಡುವೆ, ಒಂದು ಸಾಮಾನ್ಯ ಸಂಗತಿಯಂತೆ ಸೇರಿಕೊಂಡಿದೆ. ೧೬೫೦ರ ಜುಲೈ ೧ರಂದು ಲೈಪ್‌ಜಿಗ್ ನಗರದಲ್ಲಿ ಟಿಮೋಥೆಯುಸ್ ರಿಚ್ ಎಂಬ ಮುದ್ರಕನು ವಾರಕ್ಕೆ ಆರು ದಿನ ಹೊರಡುವ ಪತ್ರಿಕೆಯನ್ನು ಆರಂಭಿಸಿದನು. ಶತಮಾನವು ಮುಗಿಯುವ ವೇಳೆಗೆ ಜರ್ಮನ್ ಭಾಷೆಯಲ್ಲಿ ಏಕಕಾಲಕ್ಕೆ ೬೦ಕ್ಕೂ ಹೆಚ್ಚು ಪತ್ರಿಕೆಗಳು ನಡೆಯುತ್ತಿದ್ದುವು. ಒಂದೊಂದರ ಪ್ರತಿಗಳು ಕೆಲವು ನೂರಷ್ಟೇ. ಆದರೆ ಒಂದು ಪ್ರತಿಯನ್ನು ಹಲವರು ಹಂಚಿಕೊಂಡು ಓದುತ್ತಿದ್ದರು, ಓದುಬಾರದವರು ಓದಿಸಿ ಕೇಳುತ್ತಿದ್ದರು.

ಈ ಪತ್ರಿಕೆಗಳ ರೂಪವನ್ನು ಸ್ವಲ್ಪ ವಿವರವಾಗಿ ತಿಳಿಯದೆ ಮುಂದಿನ ವಾದವು ಸ್ಪಷ್ಟವಾಗಲಾರದು. ಅವುಗಳಲ್ಲಿ ಇಂದಿನಂತೆ ಶೀರ್ಷಿಕೆಗಳಿರಲಿಲ್ಲ, ಸಂಪಾದಕೀಯವಿರಲಿಲ್ಲ. ‘ವಿಯೆನ್ನಾದಿಂದ, ಇಂಥ ತಾರೀಖು’ ಎಂದು ಊರನ್ನೂ ದಿನವನ್ನೂ ಹೇಳಿ, ಅಲ್ಲಿಂದ ಬಂದ ಸುದ್ದಿಯನ್ನು ಹಾಗೆಯೇ ಅಚ್ಚುಹಾಕುತ್ತಿದ್ದರು. ಅನುಕ್ರಮವೆಂದರೆ ಅಂಚೆ ತಲುಪಿದ ಅನುಕ್ರಮ. ಒಂದೇ ಕದನದ ವಿಷಯವಾಗಿ ಎರಡು ಪಕ್ಷದಿಂದಲೂ ಪರಸ್ಪರ ವಿರುದ್ಧವಾದ ಸುದ್ದಿ ಬಂದರೆ ಎರಡನ್ನೂ ಒಂದರ ಕೆಳಗೊಂದು ಮುದ್ರಿಸಿ ಸುಮ್ಮನಾಗುತ್ತಿದ್ದರು. ಸ್ವಂತ ಊರಿನ ಸುದ್ದಿ ಬಹಳ ಅಪೂರ್ವ. ಯುದ್ಧ, ಸಂಧಿ, ರಾಜಕುಟುಂಬಗಳ ಜನನಮರಣ, ಪರದೇಶದ ರಾಜಸಭೆ ಇವುಗಳೇ ಹೆಚ್ಚು. ಯಾವ ಹೆಸರಿಗೂ ವಿವರಣೆಯಿಲ್ಲ. ನಮ್ಮ ಕಡೆಯ ಗಮಕದ ಮಾತಿನಲ್ಲಿ ಹೇಳುವುದಾದರೆ, ಅದು ವ್ಯಾಖ್ಯಾನಕಾರನಿಲ್ಲದ ವಾಚನ. ಇದರ ಜತೆಗೆ, ಧೂಮಕೇತು, ವಿಚಿತ್ರ ಶಿಶುಜನನ, ಘೋರಹತ್ಯೆ ಮೊದಲಾದವುಗಳನ್ನು ಚಿತ್ರಸಹಿತವಾಗಿ ಸಾರುವ ಬಿಡಿ ಹಾಳೆಗಳೂ ಸಂತೆಯಲ್ಲಿ ಮಾರಾಟವಾಗುತ್ತಿದ್ದುವು. ಜರ್ಮನ್ ಭಾಷೆಯಲ್ಲಿ ಆಗ ‘ತ್ಸೈಟುಂಗ್’ ಎಂದರೆ ಪತ್ರಿಕೆಯೆಂದಲ್ಲ, ಸುದ್ದಿಯೆಂದೇ ಅರ್ಥ. ವಾರಪತ್ರಿಕೆಗೂ ಬಿಡಿ ಹಾಳೆಗೂ ಬಾಯಿಮಾತಿನ ಸುದ್ದಿಗೂ ಒಂದೇ ಹೆಸರು ಸಲ್ಲುತ್ತಿದ್ದುದರಿಂದ, ಒಂದರ ಪಾಪವು ಇನ್ನೊಂದರ ತಲೆಗೆ ಬರುವುದು ಸುಲಭವಾಗಿತ್ತು.

ಫ್ರಿಚ್‌ನ ಗ್ರಂಥದ ಹೆಸರು ‘ಹೊಸ ಸುದ್ದಿಗಳೆನ್ನಿಸಿಕೊಳ್ಳುವ ವಾರ್ತೆಗಳ ಇಂದಿನ ಉಪಯೋಗ ಮತ್ತು ದುರುಪಯೋಗಗಳನ್ನು ಕುರಿತ ವಿಚಾರ’ ಎಂಬರ್ಥದ್ದು. ಹೆಸರೇ ತಿಳಿಸುವಂತೆ ಅವನು ಸುದ್ದಿಯನ್ನು ಸಮೂಲವಾಗಿ ನಿಷೇಧಿಸಿದವನಲ್ಲ. ರಾಜಕಾರ್ಯದಲ್ಲಿರುವವರಿಗೆ ಅದು ಬೇಕೆಂಬುದನ್ನು ಅವನು ಒಪ್ಪಿದ್ದಾನೆ. ಅವನ ಆಕ್ಷೇಪಣೆ ಮಿಕ್ಕವರ ವಿಷಯದಲ್ಲಿ. ಕೆಲಸವಿಲ್ಲದ ಕುತೂಹಲದಿಂದ ಜನರು ಪತ್ರಿಕೆಗೆ ಮುಗಿಬೀಳುತ್ತಾರೆ. ಕಚೇರಿಯ ವೇಳೆಯಲ್ಲಿ ಓದುತ್ತಾರೆ. ದೇವಾಲಯದಲ್ಲಿ ಕುಳಿತೂ ಓದುವ ಮಟ್ಟಕ್ಕೆ ಈ ಚಪಲವು ಬೆಳೆದಿದೆ. ಬರೆಯುವವರು ಸತ್ಯಾಸತ್ಯವನ್ನು ಶೋಧಿಸದೆ ಹಣಕ್ಕಾಗಿ ಬರೆಯುತ್ತಾರೆ. ಆದುದರಿಂದ ಪ್ರಭುಗಳು ಇದನ್ನು ಹತೋಟಿಯಲ್ಲಿಡತಕ್ಕದ್ದು. ಇದು ಅವನ ವಾದದ ಸಾರ. ಫ್ರಿಚ್ ನ್ಯಾಯಶಾಸ್ತ್ರಜ್ಞನಾಗಿದ್ದಂತೆಯೇ ಭಕ್ತಿಗೀತೆಗಳನ್ನು ಬರೆದವನು. ಆ ಕಾಲದಲ್ಲಿ ಸ್ಪೇನರನ ಮುಖಂಡತ್ವದಲ್ಲಿ ತಲೆಯೆತ್ತುತ್ತಿದ್ದ ಪಿಯೆಟಿಸ್ಟ್ ಎಂಬ ಭಕ್ತಿಪಂಥಕ್ಕೆ ಹತ್ತಿರದವನು. ಈ ಸಂಗತಿಗೆ ಮುಂದೆ ಹಿಂದಿರುಗಬೇಕಾಗಿದೆ.

ಮೂರು ವರ್ಷಗಳ ತರುವಾಯ, ೧೬೭೯ರಲ್ಲಿ, ರೋಟೆನ್‌ಬುರ್ಗ್ ನಗರದ ಧರ್ಮಾಧಿಕಾರಿಯಾದ ಯೋಹಾನ್ ಲುಡ್ವಿಗ್ ಹಾರ್ಟ್‌ಮನ್ ಎಂಬವನು ಇನ್ನೂ ಖಾರವಾದ ಒಂದು ಪುಸ್ತಕವನ್ನು ಜರ್ಮನ್ ಭಾಷೆಯಲ್ಲಿಯೇ ಪ್ರಕಟಿಸಿದನು. ಕುಣಿತ, ಜೂಜು ಮೊದಲಾದ ವ್ಯಸನಗಳ ಮೇಲೆ ಪುಸ್ತಕಗಳನ್ನು ಬರೆದಿದ್ದ ಈ ಉಪದೇಶಕನು ಸುದ್ದಿಯನ್ನೂ ಅದೇ ಸಾಲಿಗೆ ಸೇರಿಸಿದನು. ಅವನು ಶೀರ್ಷಿಕೆಯಲ್ಲಿ ಬಳಸಿದ ‘ಜುಖ್ಟ್’ ಎಂಬ ಪದಕ್ಕೆ ರೋಗವೆಂದೂ ವ್ಯಸನವೆಂದೂ ಎರಡರ್ಥ. ಅಕಾಲದಲ್ಲಿ ಸುದ್ದಿಗಾಗಿ ಹಂಬಲಿಸುವುದನ್ನೂ ಯುದ್ಧದ ವಿಷಯವಾಗಿ ತಿಳಿಯದೆ ಹರಟುವುದನ್ನೂ ಅವನು ಒಂದೇ ಉಸಿರಿನಲ್ಲಿ ಖಂಡಿಸುತ್ತಾನೆ. ಸುದ್ದಿಯ ಚಪಲವನ್ನು ನಿಂದಿಸಿದವರಲ್ಲಿ ಇವನು ಮೊದಲನೆಯವನೇನೂ ಅಲ್ಲ. ‘ಏನು ಹೊಸ ಸುದ್ದಿ?’ ಎಂದು ಕೇಳುತ್ತ ಅಲೆಯುವ ಅಥೆನ್ಸಿನ ಪೌರರನ್ನು ಡೆಮಾಸ್ತನೀಸನು ಜರೆದಿದ್ದನು. ಬೈಬಲಿನ ಅಪೊಸ್ತಲರ ಕೃತ್ಯಗಳ ೧೭ನೆಯ ಅಧ್ಯಾಯದಲ್ಲಿಯೂ ಅಥೆನ್ಸಿನವರ ಮೇಲೆ ಅದೇ ಆರೋಪವಿದೆ. ಹಾರ್ಟ್‌ಮನ್ನನ ಕಾಲದ ವಿಶೇಷವೆಂದರೆ, ಚಪಲವನ್ನು ತಣಿಸುವ ಸಾಮಗ್ರಿಯು ವಾರವಾರವೂ ಹಣಕ್ಕೆ ದೊರೆಯುತ್ತಿದ್ದುದು.

ಇವರ ಮಾತನ್ನು ಕೇವಲ ಮಡಿವಂತರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಮೂವತ್ತು ವರ್ಷಗಳ ಯುದ್ಧವು ೧೬೪೮ರಲ್ಲಿ ಮುಗಿದಾಗ ಜರ್ಮನ್ ನಾಡಿನ ಎಷ್ಟೋ ಪ್ರಾಂತಗಳು ಹಾಳಾಗಿದ್ದುವು. ೧೬೭೨ರಿಂದ ೧೬೭೮ರ ವರೆಗೆ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೂ ಡಚ್ಚರಿಗೂ ಅವರ ಮಿತ್ರರಿಗೂ ನಡೆದ ಯುದ್ಧವು ರೈನ್ ನದಿಯ ದಡಕ್ಕೆ ಮತ್ತೆ ಸೈನ್ಯಗಳನ್ನು ತಂದಿತು. ಫ್ರಿಚ್ ಬರೆದುದು ಈ ಯುದ್ಧದ ನಡುವೆ; ಹಾರ್ಟ್‌ಮನ್ನನ ಪುಸ್ತಕ ಹೊರಬಿದ್ದುದು ಅದು ಮುಗಿದ ಮರುವರ್ಷ. ತನ್ನಿಂದ ಏನೂ ಮಾಡಲಾಗದ ಭಯಂಕರ ಸಂಗತಿಗಳನ್ನು ವಾರಕ್ಕೆರಡು ಬಾರಿ ಓದಿ, ಚಾವಡಿಯಲ್ಲಿ ಕುಳಿತು ಸೇನಾಪತಿಗಳಿಗೆ ಬುದ್ಧಿ ಹೇಳುವ ಅಂಗಡಿಯವನನ್ನು ಕಂಡಾಗ ಉಪದೇಶಕನಿಗೆ ಎದ್ದ ಪ್ರಶ್ನೆ ಸಹಜವಾದುದು: ಈ ಜ್ಞಾನದಿಂದ ಇವನು ಮಾಡುವುದೇನು? ವಿರೋಧಪಕ್ಷದ ಎಲ್ಲ ಮಾತುಗಳಲ್ಲಿ ಗಟ್ಟಿಯಾದುದು ಇದೊಂದೇ ಎಂದರೂ ತಪ್ಪಾಗದು. ಅಂತಸ್ತನ್ನು ಹಿಡಿದು ಮಾಡಿದ ವಾದ ಅಷ್ಟು ಬಲವಾದುದಲ್ಲ. ರಾಜಕಾರ್ಯವು ಪ್ರಜೆಗೆ ಸಂಬಂಧಿಸಿದ್ದಲ್ಲವೆಂಬ ನಂಬಿಕೆಯ ಮೇಲೆ ಅದು ನಿಂತಿದೆ. ಆದರೆ ಸೈನ್ಯದ ದಾಳಿಗೆ ಸಿಕ್ಕಿ ಸುಟ್ಟುಹೋಗುತ್ತಿದ್ದುದು ಪ್ರಜೆಯ ಮನೆಯೇ.

ಈ ಭಯ ಜರ್ಮನಿಗೆ ಮಾತ್ರ ಸೇರಿದ್ದಲ್ಲ. ಸುದ್ದಿಯನ್ನು ಸರಕಿನಂತೆ ತೂಗಿ ಮಾರುವವರನ್ನು ಇಂಗ್ಲೆಂಡಿನ ಬೆನ್ ಜಾನ್‌ಸನ್ ೧೬೨೬ರಲ್ಲಿ ರಂಗಕ್ಕೆ ಬಂದ ನಾಟಕವೊಂದರಲ್ಲಿ ಗೇಲಿ ಮಾಡಿದ್ದನು. ೧೬೬೩ರಲ್ಲಿ ಅಲ್ಲಿಯ ಸರ್ಕಾರದ ಪತ್ರಿಕಾಧಿಕಾರಿಯಾಗಿದ್ದ ರೋಜರ್ ಲೆಸ್ಟ್ರೇಂಜ್ ತಾನೇ ನಡೆಸುತ್ತಿದ್ದ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ, ಪತ್ರಿಕೆಗಳಿಂದ ಸಾಮಾನ್ಯ ಜನರಿಗೆ ದೊಡ್ಡವರ ಆಲೋಚನೆಗಳೊಡನೆ ಸಲ್ಲದ ಸಲಿಗೆ ಬೆಳೆಯುವುದೆಂದು ಬರೆದನು. ಪತ್ರಿಕೆ ಕೆಟ್ಟದ್ದೆಂದು ಪತ್ರಿಕೆಯಲ್ಲಿಯೇ ಬರೆದ ಈ ಪ್ರಸಂಗವು ಸ್ವಾರಸ್ಯವಾಗಿದೆ. ಎರಡನೆಯ ಚಾರ್ಲ್ಸ್ ದೊರೆ ೧೬೭೫ರ ಡಿಸೆಂಬರಿನಲ್ಲಿ, ಸುದ್ದಿಯ ನೆಲೆಗಳಾದ ಕಾಫಿಯ ಅಂಗಡಿಗಳನ್ನು ಮುಚ್ಚಬೇಕೆಂದು ಆಜ್ಞೆ ಹೊರಡಿಸಿ, ಮರುತಿಂಗಳೇ ಅದನ್ನು ಹಿಂದೆಗೆದುಕೊಂಡನು. ಜರ್ಮನಿಯ ವೈಶಿಷ್ಟ್ಯವೇನೆಂದರೆ, ಅಲ್ಲಿ ಉತ್ತರ ಬಂದುದು ಕಾಫಿಯ ಅಂಗಡಿಯಿಂದಲ್ಲ, ಪಾಠಶಾಲೆಯಿಂದ.

ಕ್ರಿಸ್ಟಿಯಾನ್ ವೈಸೆ ಹುಟ್ಟುಗುರು. ೧೬೭೮ರಲ್ಲಿ ತನ್ನ ಹುಟ್ಟೂರಾದ ತ್ಸಿಟ್ಟಾವ್ ನಗರದ ವಿದ್ಯಾಶಾಲೆಗೆ ಮುಖ್ಯೋಪಾಧ್ಯಾಯನಾಗಿ ಹೋಗಿ, ತನ್ನ ವಿದ್ಯಾರ್ಥಿಗಳು ಅಭಿನಯಿಸುವುದಕ್ಕಾಗಿ ಹಲವಾರು ನಾಟಕಗಳನ್ನು ಬರೆದವನು. ೧೬೭೬ರ ಅವನ ಲ್ಯಾಟಿನ್ ಗ್ರಂಥವು ವಾರ್ತಾಪತ್ರಗಳ ವಾಚನಕ್ರಮವನ್ನು ಕುರಿತದ್ದು. ಪತ್ರಿಕೆಯನ್ನು ಶಾಲೆಗೆ ತರುವ ಆಲೋಚನೆ ಅವನಿಗಿಂತ ಹಿಂದೆಯೂ ಇತ್ತು. ಕೊಮೇನಿಯುಸ್ ಎಂಬ ಪ್ರಸಿದ್ಧ ಶಿಕ್ಷಣತಜ್ಞನು ಹಂಗೆರಿಯ ಷಾರೋಶ್‌ಪಟಾಕ್ ಶಾಲೆಗಾಗಿ ೧೬೫೦ರ ಸುಮಾರಿಗೆ ಮಾಡಿದ ಯೋಜನೆಯಲ್ಲಿ ವೃತ್ತಪತ್ರಿಕೆಯ ವಾಚನಕ್ಕೂ ಸ್ಥಳವಿದ್ದಿತು. ಆದರೆ ಓದುವ ಬಗೆಯನ್ನೇ ಒಂದು ಶಾಸ್ತ್ರದಂತೆ ನಿರೂಪಿಸಿದ ಕೀರ್ತಿ ವೈಸೆಗೆ ಸಲ್ಲಬೇಕು. ಭೂಗೋಳ, ರಾಜವಂಶಗಳ ಪರಂಪರೆ, ಇತಿಹಾಸ, ರಾಜನೀತಿ ಇವುಗಳಿಗೆ ಪತ್ರಿಕೆಯು ಒಂದು ಪ್ರವೇಶದ್ವಾರವೆಂದು ಅವನ ಅಭಿಪ್ರಾಯ. ಊರಿನ ಹೆಸರು ಬಂದರೆ ಭೂಪಟವನ್ನು ತೆರೆಯಬೇಕು; ಅರಸನ ಹೆಸರು ಬಂದರೆ ವಂಶವೃಕ್ಷವನ್ನು ನೋಡಬೇಕು; ಸಂಧಿಯ ಮಾತು ಬಂದರೆ ಹಿಂದಿನ ಸಂಧಿಗಳನ್ನು ತಿಳಿಯಬೇಕು. ಪುಸ್ತಕದಲ್ಲಿ ಜಡವಾಗಿ ಬಿದ್ದಿರುವ ವಿಷಯವು ಸುದ್ದಿಯ ಸಂಪರ್ಕದಿಂದ ಹುಡುಗನ ಮನಸ್ಸಿನಲ್ಲಿ ಚೇತನಗೊಳ್ಳುತ್ತದೆ.

ವೈಸೆಯ ಗ್ರಂಥದಲ್ಲಿ ಎಲ್ಲಕ್ಕಿಂತ ಗಮನಾರ್ಹವಾದುದು ಅವನು ಕೂಡಿಸಿರುವ ಒಂದು ಭಾಗ. ೧೬೬೦ರಿಂದ ೧೬೭೬ರ ವರೆಗಿನ ಸುದ್ದಿಗಳ ತಿರುಳನ್ನು ಅವನು ಅಲ್ಲಿ ಸಂಗ್ರಹಿಸಿಕೊಟ್ಟಿದ್ದಾನೆ. ಪತ್ರಿಕೆಯನ್ನು ಓದಬಹುದೆಂದು ಹೇಳಲು ಹೊರಟವನು ಹದಿನಾರು ವರ್ಷಗಳ ಹಳೆಯ ಸುದ್ದಿಯನ್ನೇಕೆ ಹೊತ್ತು ತರಬೇಕಾಗಿತ್ತು? ಒಂದು ಉದಾಹರಣೆಯಿಂದ ಇದು ವಿಶದವಾಗುತ್ತದೆ. ೧೬೭೬ರ ಬೇಸಗೆಯಲ್ಲಿ ಆರೆಂಜಿನ ವಿಲಿಯಂ ಮಾಸ್‌ಟ್ರಿಕ್ಟ್ ಎಂಬ ಕೋಟೆಯನ್ನು ಮುತ್ತಿ, ಗೆಲ್ಲಲಾರದೆ ಮುತ್ತಿಗೆಯನ್ನು ತೆಗೆದನು. ಈ ಸುದ್ದಿಯನ್ನು ಮಾತ್ರ ಓದಿದವನಿಗೆ ತಿಳಿಯುವುದು ಯಾರೋ ಒಬ್ಬನು ಎಲ್ಲಿಯೋ ಸೋತನೆಂಬುದಷ್ಟೆ. ಆ ಕೋಟೆ ಮ್ಯೂಸ್ ನದಿಯ ದಾಟನ್ನು ಕಾಯುತ್ತಿತ್ತೆಂಬುದು, ೧೬೭೩ರಲ್ಲಿ ಲೂಯಿ ದೊರೆಯು ತಾನೇ ಪಾಳೆಯದಲ್ಲಿದ್ದು ಅದನ್ನು ಹಿಡಿದನೆಂಬುದು, ಅದರ ಹಿಂದಿನ ವರ್ಷ ಫ್ರೆಂಚರು ಹಾಲೆಂಡಿನ ಒಳನಾಡಿಗೇ ನುಗ್ಗಿದ್ದರೆಂಬುದು ತಿಳಿದಿದ್ದವನಿಗೆ ಅದೇ ನಾಲ್ಕು ಸಾಲು ಬೇರೆ ರೀತಿಯಲ್ಲಿ ಕಾಣುತ್ತದೆ. ಪತ್ರಿಕೆಯು ಯಾವಾಗಲೂ ಕಥೆಯ ನಡುವಿನಿಂದ ಹೇಳುತ್ತದೆ. ಭಾರತವಾಚನಕ್ಕೆ ದ್ರೋಣಪರ್ವದ ನಡುವೆ ಬಂದು ಕುಳಿತವನಿಗೆ ಬಾಣಗಳ ಸದ್ದು ಕೇಳಿಸಬಹುದು. ಅಭಿಮನ್ಯು ಯಾರ ಮಗನೆಂಬುದೇ ತಿಳಿಯದಿದ್ದರೆ ಅವನ ಮರಣವು ಮರಣಗಳಲ್ಲಿ ಒಂದಾಗಿ ಹೋಗುತ್ತದೆ. ವೈಸೆಯು ಕಂಡ ತೊಂದರೆ ಇದೇ. ಸುದ್ದಿಯು ಹಾನಿಕರವಾದರೆ ಅದು ಅತಿಯಾದುದರಿಂದಲ್ಲ, ಹಿಂದುಮುಂದಿಲ್ಲದೆ ಇರುವುದರಿಂದ. ಆದುದರಿಂದ ಪರಿಹಾರವು ಓದನ್ನು ತಡೆಯುವುದರಲ್ಲಿಲ್ಲ, ಓದನ್ನು ಹೆಚ್ಚಿಸುವುದರಲ್ಲಿದೆ. ‘ಈ ಜ್ಞಾನದಿಂದ ಮಾಡುವುದೇನು?’ ಎಂಬ ಉಪದೇಶಕರ ಪ್ರಶ್ನೆಗೆ ಇದು ನೇರವಾದ ಉತ್ತರವಲ್ಲ, ಅರ್ಧ ಉತ್ತರ. ಏನನ್ನೂ ಮಾಡಲಾಗದಿದ್ದರೂ, ಅರಿತುಕೊಳ್ಳುವುದೇ ಒಂದು ಕೆಲಸವಾಗಬಲ್ಲುದೆಂದು ಅದು ಹೇಳುತ್ತದೆ.

ವೈಸೆಯ ವಾದಕ್ಕೂ ಮಿತಿಯುಂಟು. ಅವನು ಉದ್ದೇಶಿಸಿದ ವಿದ್ಯಾರ್ಥಿಗಳು ರಾಜಸಭೆಗಳಲ್ಲಿ ಉದ್ಯೋಗಕ್ಕೆ ಸೇರಬೇಕೆಂದಿದ್ದ ಕುಲೀನರ ಮತ್ತು ಅಧಿಕಾರಿಗಳ ಮಕ್ಕಳು. ಲ್ಯಾಟಿನ್ನಿನಲ್ಲಿ ಬರೆದುದರಿಂದಲೇ ನೇಕಾರನಿಗೂ ಕಮ್ಮಾರನಿಗೂ ಆ ಪುಸ್ತಕ ನಿಲುಕುತ್ತಿರಲಿಲ್ಲ. ೧೭೦೩ರಲ್ಲಿ ಅದರ ಜರ್ಮನ್ ರೂಪವು ಪ್ರಕಟವಾಯಿತು. ಅಧಿಕಾರಿಗಳಿಗೆ ಸುದ್ದಿ ಬೇಕೆಂಬುದನ್ನು ಫ್ರಿಚ್ ಮೊದಲೇ ಒಪ್ಪಿದ್ದನಷ್ಟೆ. ಆ ಮಟ್ಟಿಗೆ ಇಬ್ಬರ ನಡುವಣ ಅಂತರವು ಮೇಲುನೋಟಕ್ಕೆ ತೋರುವಷ್ಟು ದೊಡ್ಡದಲ್ಲ.

೧೬೯೦ರಲ್ಲಿ ವಾದವು ಇನ್ನೊಂದು ತಿರುವನ್ನು ಪಡೆಯಿತು. ಲೈಪ್‌ಜಿಗ್ ವಿಶ್ವವಿದ್ಯಾನಿಲಯದಲ್ಲಿ ಟೋಬಿಯಾಸ್ ಪಾಯ್ಟ್ಸರ್ ಎಂಬ ತರುಣನು ವಾರ್ತಾನಿರೂಪಣೆಯನ್ನು ಕುರಿತು ೨೯ ಪ್ರಕರಣಗಳ ಒಂದು ಪ್ರಬಂಧವನ್ನು ಮಂಡಿಸಿದನು. ವೃತ್ತಪತ್ರಿಕೆಯ ಮೇಲೆ ವಿಶ್ವವಿದ್ಯಾನಿಲಯವೊಂದಕ್ಕೆ ಅರ್ಪಿತವಾದ ಪ್ರಬಂಧಗಳಲ್ಲಿ ಇದೇ ಮೊದಲನೆಯದೆಂದು ಪ್ರಸಿದ್ಧಿ. ಪಾಯ್ಟ್ಸರನು ಓದುಗನ ಶೀಲವನ್ನು ಬಿಟ್ಟು ಬರೆಹದ ಲಕ್ಷಣವನ್ನು ಕೈಗೆತ್ತಿಕೊಂಡನು. ಇತಿಹಾಸಕಾರನು ಬಿಡುವಿನಿಂದ ಶೋಧಿಸಿ ಕಾರಣಕಾರ್ಯಗಳನ್ನು ಜೋಡಿಸುತ್ತಾನೆ. ವಾರ್ತಾಲೇಖಕನು ಬಂದುದನ್ನು ಬಂದಂತೆ ಕೂಡಿಹಾಕುತ್ತಾನೆ. ಈ ವ್ಯತ್ಯಾಸವನ್ನು ತೋರಿಸಿದ ಮೇಲೂ ವಾರ್ತೆಗೆ ಇತಿಹಾಸದ ಕೆಲವು ನಿಯಮಗಳು ಅನ್ವಯಿಸಬೇಕೆಂದು ಅವನ ಮತ. ಯಾರು, ಏನು, ಎಲ್ಲಿ, ಯಾವಾಗ, ಹೇಗೆ, ಏಕೆ ಎಂಬ ಅಂಗಗಳು ಪೂರ್ಣವಾಗಿರಬೇಕು. ಕಣ್ಣಾರೆ ಕಂಡವನ ಮಾತಿಗೆ ಕೇಳಿ ಹೇಳಿದವನ ಮಾತಿಗಿಂತ ಹೆಚ್ಚು ಬೆಲೆ. ಕ್ಷುಲ್ಲಕವಾದ ನಿತ್ಯವೃತ್ತಾಂತಗಳನ್ನೂ ಸದಾಚಾರಕ್ಕೆ ಧಕ್ಕೆ ತರುವವುಗಳನ್ನೂ ಬಿಡಬೇಕು. ಜನರ ಕುತೂಹಲ ಒಂದು ಕಡೆ, ಮುದ್ರಕರ ಲಾಭ ಒಂದು ಕಡೆ, ಇವೆರಡೂ ಸೇರಿ ಪತ್ರಿಕೆಯನ್ನು ಹುಟ್ಟಿಸಿದುವೆಂಬುದನ್ನೂ ಅವನು ಮುಚ್ಚಿಡಲಿಲ್ಲ. ಕನ್ನಡದ ‘ಸ‌ುದ್ದಿ’ ಎಂಬ ಮಾತು ಸಂಸ್ಕೃತದ ‘ಶುದ್ಧಿ’ಯ ತದ್ಭವವೆಂದು ಕೋಶಕಾರರು ಹೇಳುವರು. ಪಾಯ್ಟ್ಸರನು ಬಯಸಿದುದು ಸುದ್ದಿಗೆ ಈ ಮೂಲಾರ್ಥ ಬರಬೇಕೆಂದೇ.

ಈ ಪರಂಪರೆಯಲ್ಲಿ ಅತ್ಯಂತ ಉತ್ಸಾಹದ ಗ್ರಂಥವು ೧೬೯೫ರಲ್ಲಿ ಹಾಂಬುರ್ಗ್ ನಗರದಲ್ಲಿ ಅಚ್ಚಾದ ‘ತ್ಸೈಟುಂಗ್ಸ್ ಲುಸ್ಟ್ ಉಂಡ್ ನುಟ್ಸ್’, ಎಂದರೆ ‘ವಾರ್ತೆಯ ಆನಂದ ಮತ್ತು ಪ್ರಯೋಜನ’. ಕರ್ತೃ ಕಾಸ್ಪರ್ ಸ್ಟೀಲರ್. ಇವನು ಯೌವನದಲ್ಲಿ ಸಿಪಾಯಿಯೂ ಕವಿಯೂ ಆಗಿದ್ದು, ಅನಂತರ ಹಲವು ಸಣ್ಣ ಸಂಸ್ಥಾನಗಳಲ್ಲಿ ಕಾರ್ಯದರ್ಶಿಯಾಗಿ ದುಡಿದು, ೧೬೯೧ರಲ್ಲಿ ಜರ್ಮನ್ ಭಾಷೆಯ ಒಂದು ದೊಡ್ಡ ನಿಘಂಟನ್ನು ಹೊರತಂದ ಪಂಡಿತ. ವೈಸೆಯಂತೆ ಇವನು ವಿದ್ಯಾರ್ಥಿಗಳಿಗೆ ಮಾತ್ರ ಬರೆಯಲಿಲ್ಲ. ದೇಶಭಾಷೆಯಲ್ಲಿ ಎಲ್ಲರಿಗೂ ಬರೆದನು. ರಾಜಸಭೆಯವರು, ಪಾದ್ರಿಗಳು, ಸೈನಿಕರು, ವ್ಯಾಪಾರಿಗಳು, ಗೃಹಸ್ಥರು ಹೀಗೆ ಒಂದೊಂದು ವರ್ಗಕ್ಕೂ ಪತ್ರಿಕೆಯಿಂದ ಏನು ಉಪಯೋಗವೆಂದು ವಿವರಿಸಿದನು. ಸ್ತ್ರೀಯರೂ ಓದಬಹುದೆಂದು ವಾದಿಸಿದನು. ಪ್ರಾಚೀನ ವೀರರ ಚರಿತ್ರೆಗಳನ್ನು ಎಷ್ಟು ಬಲ್ಲವನಾದರೂ, ತಾನು ಬದುಕಿರುವ ಲೋಕವನ್ನು ಅರಿಯದವನಿಗೆ ವಿವೇಕವಿಲ್ಲವೆಂಬುದು ಅವನ ಮುಖ್ಯ ತತ್ತ್ವ. ‘ವರ್ತಮಾನ’ವೆಂಬ ನಮ್ಮ ಮಾತು ಈಗಿನ ಕಾಲವನ್ನೂ ಸುದ್ದಿಯನ್ನೂ ಒಟ್ಟಿಗೆ ಹೇಳುತ್ತದೆ, ಸ್ಟೀಲರನು ಒಂದು ಗ್ರಂಥವನ್ನೇ ಬರೆದು ಸಾಧಿಸಿದ ಸಂಬಂಧ ಕನ್ನಡಿಗನಿಗೆ ಒಂದೇ ಪದದಲ್ಲಿ ದೊರೆಯುತ್ತದೆ.

ಆದರೆ ಈ ಉತ್ಸಾಹಿಯೂ ಓದುಗನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಪತ್ರಿಕೆಗಳಲ್ಲಿ ತುಂಬಿಹೋಗಿದ್ದ ಫ್ರೆಂಚ್, ಇಟಾಲಿಯನ್, ಲ್ಯಾಟಿನ್ ಮಾತುಗಳ ಅರ್ಥವನ್ನು ಹೇಳುವ ಒಂದು ಪದಕೋಶವನ್ನು ಗ್ರಂಥದ ಕೊನೆಗೆ ಸೇರಿಸಿದನು. ವೈಸೆಯು ಭೂಪಟವನ್ನೂ ವಂಶವೃಕ್ಷವನ್ನೂ ಕೊಟ್ಟನು; ಸ್ಟೀಲರನು ನಿಘಂಟನ್ನು ಕೊಟ್ಟನು. ಇದಕ್ಕಿಂತಲೂ ವಿಚಾರಾರ್ಹವಾದ ಇನ್ನೊಂದು ಮಾತಿದೆ. ಪತ್ರಿಕೆಯವನು ಸುದ್ದಿಯನ್ನು ತಿಳಿಸಬೇಕೇ ಹೊರತು ಅದರ ಮೇಲೆ ತೀರ್ಪು ಕೊಡಬಾರದೆಂದು ಸ್ಟೀಲರನು ಖಂಡಿತವಾಗಿ ಹೇಳುತ್ತಾನೆ. ಎಲ್ಲಿ ಏನಾಯಿತೆಂಬುದನ್ನು ತಿಳಿಯುವುದಕ್ಕಾಗಿ ಜನರು ಪತ್ರಿಕೆಯನ್ನು ಕೊಳ್ಳುತ್ತಾರೆ. ತೀರ್ಪು ಅವರವರ ಪಾಲಿನ ಕೆಲಸ. ವ್ಯಾಖ್ಯಾನಕಾರನಿಲ್ಲದ ವಾಚನವೆಂದು ಮೇಲೆ ಹೇಳಿದ ಕೊರತೆಯನ್ನೇ ಅವನು ಒಂದು ಗುಣವೆಂದು ಸಮರ್ಥಿಸಿದನು. ಈ ನಿಯಮವು ಬಹುಕಾಲ ನಿಲ್ಲಲಿಲ್ಲವೆಂಬುದು ಪತ್ರಿಕೆಗಳ ಇತಿಹಾಸವನ್ನು ಬಲ್ಲವರಿಗೆಲ್ಲ ಗೊತ್ತು. ವ್ಯಾಖ್ಯಾನವು ಪತ್ರಿಕೆಯೊಳಗೇ ಸೇರಿಕೊಂಡಂತೆ, ಭೂಪಟವನ್ನು ತೆರೆಯುವ ಶ್ರಮ ಓದುಗನಿಗೆ ತಪ್ಪಿತು. ಅದರೊಡನೆ ತನ್ನ ತೀರ್ಪನ್ನು ತಾನೇ ಮಾಡಿಕೊಳ್ಳುವ ಅಭ್ಯಾಸವೂ ಸಡಿಲವಾಯಿತು. ವೈಸೆ ಮತ್ತು ಸ್ಟೀಲರ್ ಸಮರ್ಥಿಸಿದುದು ಈ ಶ್ರಮಸಹಿತವಾದ ವಾಚನವನ್ನು. ಶ್ರಮವನ್ನು ಬಿಟ್ಟು ವಾಚನವನ್ನು ಮಾತ್ರ ಉಳಿಸಿಕೊಂಡವನು ಅವರನ್ನು ತನ್ನ ಪಕ್ಷದ ಸಾಕ್ಷಿಗಳೆಂದು ಕರೆಯುವುದು ನ್ಯಾಯವಲ್ಲ. ಅಂಥವನ ವಿಷಯದಲ್ಲಿ ಫ್ರಿಚ್‌ನ ದೂರು ಹಾಗೆಯೇ ನಿಲ್ಲುತ್ತದೆ.

ಫ್ರಿಚ್‌ನ ದೂರಿಗೆ ಅವನ ಪಂಥದವರೇ ಮುಂದೆ ಮಾಡಿದ ತಿದ್ದುಪಡಿಯು ಕನ್ನಡ ನಾಡಿನ ವರೆಗೂ ಬಂದು ಮುಟ್ಟುತ್ತದೆ. ಸ್ಪೇನರನಿಂದ ಪ್ರೇರಿತನಾದ ಔಗುಸ್ಟ್ ಹರ್ಮನ್ ಫ್ರಾಂಕೆಯು ಹಾಲ್ಲೆ ನಗರದಲ್ಲಿ ಸ್ಥಾಪಿಸಿದ ಅನಾಥಾಲಯದ ಮುದ್ರಣಾಲಯದಿಂದ ೧೭೦೮ರಲ್ಲಿ ಒಂದು ವೃತ್ತಪತ್ರಿಕೆಯೇ ಹೊರಟಿತು. ೧೭೦೬ರಲ್ಲಿ ತಮಿಳು ನಾಡಿನ ತರಂಗಂಬಾಡಿಗೆ ಬಂದ ತ್ಸೀಗೆನ್‌ಬಾಲ್ಗ್ ಮೊದಲಾದ ಪಾದ್ರಿಗಳ ಪತ್ರಗಳು ೧೭೧೦ರಿಂದ ಅದೇ ನಗರದಲ್ಲಿ ನಿಯತವಾಗಿ ಅಚ್ಚಾಗತೊಡಗಿದುವು. ಭಕ್ತರು ದೂರದೇಶದ ಸುದ್ದಿಗಾಗಿ ಕಾದು ಕುಳಿತು ಓದಿದರು. ದೇವಾಲಯದಲ್ಲಿ ಸುದ್ದಿಯನ್ನು ಓದುತ್ತಾರೆಂದು ಒಬ್ಬ ಭಕ್ತನು ಮರುಗಿದ ಮೂವತ್ತೈದು ವರ್ಷಗಳೊಳಗೆ, ಭಕ್ತಿಯ ಸಲುವಾಗಿಯೇ ಸುದ್ದಿಯನ್ನು ಮುದ್ರಿಸುವ ಸ್ಥಿತಿ ಬಂದಿತು. ಇದನ್ನು ಸೋಲೆನ್ನುವುದಕ್ಕಿಂತ, ‘ಮಾಡುವುದೇನು?’ ಎಂಬ ಪ್ರಶ್ನೆಗೆ ಆ ಪಂಥದವರು ಕಂಡುಕೊಂಡ ಉತ್ತರವೆನ್ನುವುದು ಮೇಲು. ದೂರದ ಸುದ್ದಿಯನ್ನು ಓದಿದವನು ಹಣ ಕಳುಹಿಸಬಹುದಾಗಿತ್ತು, ಪ್ರಾರ್ಥಿಸಬಹುದಾಗಿತ್ತು, ತಾನೇ ಹೊರಡಬಹುದಾಗಿತ್ತು.

ಹಾಗೆ ಹೊರಟವರಲ್ಲಿ ವುರ್ಟೆಂಬೆರ್ಗ್ ಸೀಮೆಯ ಹರ್ಮನ್ ಮೋಗ್ಲಿಂಗ್ ಪಾದ್ರಿಗಳೊಬ್ಬರು. ಟ್ಯೂಬಿಂಗೆನ್ನಿನಲ್ಲಿ ವ್ಯಾಸಂಗ ಮಾಡಿ, ಅದೇ ಭಕ್ತಿಪಂಥದ ಬೆಂಬಲದಿಂದ ೧೮೧೫ರಲ್ಲಿ ಹುಟ್ಟಿದ್ದ ಬಾಸೆಲ್ ಮಿಷನ್ನನ್ನು ಸೇರಿ, ಅವರು ೧೮೩೬ರಲ್ಲಿ ಮಂಗಳೂರಿಗೆ ಬಂದರು. ೧೮೪೩ರ ಜುಲೈ ೧ರಂದು ಅವರು ಹೊರತಂದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲನೆಯ ವೃತ್ತಪತ್ರಿಕೆ. ಲೈಪ್‌ಜಿಗ್ಗಿನ ದಿನಪತ್ರಿಕೆ ಹುಟ್ಟಿದುದೂ ಜುಲೈ ೧ರಂದೇ ಎಂಬುದು ಕೇವಲ ಆಕಸ್ಮಿಕ. ಅವೆರಡರ ನಡುವೆ ೧೯೩ ವರ್ಷಗಳಿವೆ. ನಾಲ್ಕು ಪುಟಗಳ ಪಾಕ್ಷಿಕ, ಕಲ್ಲಚ್ಚಿನಲ್ಲಿ ಮುದ್ರಿತ, ಬೆಲೆ ಒಂದು ದುಡ್ಡು. ಅದರ ಒಳಗನ್ನು ನೋಡಿದರೆ ಹಳೆಯ ವಾದದ ಎರಡು ಪಕ್ಷಗಳೂ ಒಂದೇ ಹಾಳೆಯಲ್ಲಿ ಕುಳಿತಂತೆ ತೋರುತ್ತದೆ. ಊರಿನ ವರ್ತಮಾನ, ಸರ್ಕಾರದ ನಿರೂಪಗಳು, ಪರರಾಜ್ಯಗಳ ಸುದ್ದಿ ಒಂದು ಭಾಗ. ನೀತಿಯ ಮಾತುಗಳು, ಕಥೆಗಳು, ಪುರಂದರದಾಸರ ಪದಗಳು ಇನ್ನೊಂದು ಭಾಗ. ಮುಂದೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದ ಪಂಡಿತರ ಕೈ ಆ ಸಣ್ಣ ಹಾಳೆಯಲ್ಲಿಯೂ ಕಾಣುತ್ತದೆ. ಸುದ್ದಿಯನ್ನು ಓದಲು ಬಂದವನ ಕೈಗೆ ಸುದ್ದಿಯಲ್ಲದ ಇನ್ನೇನನ್ನಾದರೂ ಕೊಟ್ಟು ಕಳುಹಿಸಬೇಕೆಂಬ ಕ್ರಮವು ಇಲ್ಲಿಯೂ ಉಂಟು. ವೈಸೆಯ ಭೂಪಟದ ಸ್ಥಾನದಲ್ಲಿ ಇಲ್ಲಿ ದಾಸರ ಪದವಿದೆ.

ಪತ್ರಿಕೆಯು ಮಂಗಳೂರಿನಲ್ಲಿ ಒಂದು ವರ್ಷವೂ ನಡೆಯಲಿಲ್ಲ. ೧೮೪೪ರಲ್ಲಿ ಅದನ್ನು ಬಳ್ಳಾರಿಗೆ ಸಾಗಿಸಲಾಯಿತು. ಅಲ್ಲಿ ಕಲ್ಲಚ್ಚಿಗೆ ಬದಲಾಗಿ ಮೊಳೆಯಚ್ಚಿನ ಅನುಕೂಲವಿದ್ದಿತು. ಓದುವವರೂ ಒಂದು ಊರಿನವರಷ್ಟೇ ಅಲ್ಲವಾದುದರಿಂದ ಹೆಸರಿನಿಂದ ಊರನ್ನು ತೆಗೆದು, ‘ಕನ್ನಡ ಸಮಾಚಾರ’ವೆಂದು ಕರೆದರು.